ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಮಾಪ್, ಸೂಜಿಗಳ ಲೆಕ್ಕ ಇಡುವವರು ಯಾರು?

ಅಮ್ಮನಿಗೆ ಗರ್ಭಕೋಶದ ಆಪರೇಷನ್ ಇದೆ, ಹೊಟ್ಟೆಯೊಳಗೆ ಕತ್ತರಿ ಮರೆತ ಸುದ್ದಿ ಓದಿ ಭಯವಾಗಿದೆ, ಒಳಗೆ ಯಾರೂ ಲೆಕ್ಕ ಇಡಲ್ವಾ ಅಂತ ಕೇಳಿದ್ದೀರಿ. ಇಡುತ್ತೇವೆ. ನಾನು ಥಿಯೇಟರ್ ನರ್ಸ್, ಅದು ನಮ್ಮದೇ ಕೆಲಸ.

ಪೇಪರಿಗೆ ಬರುವುದು ಕತ್ತರಿ. ಆದರೆ ಒಳಗೆ ಉಳಿಯುವುದು ಜಾಸ್ತಿ ಬಟ್ಟೆ, ಅಂದರೆ ಮಾಪ್. ರಕ್ತ ಒರೆಸುವುದಕ್ಕೆ, ಕರುಳನ್ನು ಬದಿಗೆ ಸರಿಸಿ ತಡೆದಿಡುವುದಕ್ಕೆ ಅದು ಬೇಕೇ ಬೇಕು. ರಕ್ತದಲ್ಲಿ ನೆಂದು ಮುದ್ದೆಯಾದರೆ ಕರುಳಿನ ನಡುವೆ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣುವ ದಾರ ಹೆಣೆದಿರುತ್ತಾರೆ, ಒಂದು ಉದ್ದದ ಲಾಡಿಯೂ ಇರುತ್ತದೆ. ಮಾಪ್ ಒಳಗೆ ಹೋದಾಗ ಲಾಡಿಯನ್ನು ಹೊರಗೆ ಬಿಟ್ಟು ಅದಕ್ಕೊಂದು ಆರ್ಟರಿ ಫೋರ್ಸೆಪ್ಸ್, ಅಂದರೆ ರಕ್ತನಾಳ ಹಿಡಿಯುವ ಇಕ್ಕಳ, ಕಚ್ಚಿಸುತ್ತೇವೆ.

ಲೆಕ್ಕ ಯಾವತ್ತೂ ಇಬ್ಬರದು. ಒಬ್ಬರು ಸರ್ಜನ್ ಪಕ್ಕ ನಿಲ್ಲುವ ಸ್ಕ್ರಬ್ ನರ್ಸ್, ಇನ್ನೊಬ್ಬರು ಹೊರಗಿನಿಂದ ಸಾಮಾನು ಕೊಡುವ ನರ್ಸ್. ಕೊಯ್ಯುವ ಮೊದಲೇ ಇಬ್ಬರೂ ನೋಡುತ್ತಾ, ಜೋರಾಗಿ ಹೇಳುತ್ತಾ ಎಣಿಸಬೇಕು: ಆರ್ಟರಿ ಫೋರ್ಸೆಪ್ಸ್ ಎಷ್ಟು, ಆಲಿಸ್ (ಇನ್ನೊಂದು ಬಗೆಯ ಇಕ್ಕಳ) ಎಷ್ಟು, ಸೂಜಿ ಎಷ್ಟು. ಎಲ್ಲ ಬೋರ್ಡಿಗೆ ಹೋಗುತ್ತದೆ. ಮಾಪ್ ಐದರ ಕಟ್ಟಿನಲ್ಲಿ ಬಂದರೂ ಬಿಚ್ಚಿ ಒಂದೊಂದಾಗಿ ಎಣಿಸಬೇಕು. ನಾಲ್ಕೋ ಆರೋ ಸಿಕ್ಕಿದರೆ ಆ ಕಟ್ಟನ್ನೇ ತೆಗೆದಿಡುತ್ತೇವೆ. ಹೊಟ್ಟೆ ಮುಚ್ಚುವ ಮೊದಲು ಮತ್ತೆ ಎಣಿಕೆ, ಚರ್ಮ ಹೊಲಿಯುವಾಗ ಇನ್ನೊಮ್ಮೆ. ಮಧ್ಯದಲ್ಲಿ ನರ್ಸ್ ಬದಲಾದರೆ ಆಗಲೂ. ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರಿನ ಸಣ್ಣ ಸ್ಕ್ರೂ ಕೂಡ ಲೆಕ್ಕಕ್ಕೆ ಸೇರುತ್ತದೆ. ಎಲ್ಲ ಮುಗಿಯುವ ತನಕ ಕಸದ ಬಕೆಟ್ಟೂ ಥಿಯೇಟರ್ ಬಿಟ್ಟು ಹೋಗುವಂತಿಲ್ಲ.

ಒಂದು ಕಡಿಮೆ ಬಂದರೆ? ಸರ್ಜನ್ ಹೊಲಿಯುವುದನ್ನು ನಿಲ್ಲಿಸಿ ಒಳಗೆ ಕೈಯಾಡಿಸುತ್ತಾರೆ. ನಾವು ಬಕೆಟ್, ಬಟ್ಟೆಯ ಮಡಿಕೆ, ಚಪ್ಪಲಿಯ ಅಡಿ ಎಲ್ಲ ಜಾಲಾಡುತ್ತೇವೆ. ಸೂಜಿಯಾದರೆ ಮ್ಯಾಗ್ನೆಟ್ ಹಿಡಿದು ನೆಲ ಸವರುತ್ತೇವೆ. ಆಗಲೂ ಸಿಗದಿದ್ದರೆ ಟೇಬಲ್ ಮೇಲೇ ಎಕ್ಸ್‌ರೇ. ತೀರಾ ಸಣ್ಣ ಸೂಜಿ ಅದರಲ್ಲೂ ತಪ್ಪಿಸಿಕೊಳ್ಳಬಹುದು.

ಹಾಗಾದರೆ ಎಡವಟ್ಟಾಗುವುದು ಎಲ್ಲಿ? 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಎಮರ್ಜೆನ್ಸಿ ಆಪರೇಷನ್‌ಗಳಲ್ಲಿ ಈ ಅಪಾಯ ಸುಮಾರು 9 ಪಟ್ಟು, ಆಪರೇಷನ್ನಿನ ಮಧ್ಯೆ ಪ್ಲಾನ್ ಬದಲಾದರೆ ಸುಮಾರು 4 ಪಟ್ಟು ಹೆಚ್ಚು. ಕಡಿಮೆ ಬಂದ ಲೆಕ್ಕಕ್ಕಿಂತ ನನಗೆ ಭಯ ತಪ್ಪಾಗಿ ‘ಸರಿ ಇದೆ’ ಎಂದು ಬರೆದ ಲೆಕ್ಕದ್ದು. ಕಡಿಮೆ ಬಂದರೆ ಎಲ್ಲರೂ ಹುಡುಕುತ್ತಾರೆ, ಸರಿ ಅಂದಮೇಲೆ ಯಾರು ಹುಡುಕುತ್ತಾರೆ? ಒಬ್ಬರು ಫೈಲ್ ಬರೆಯುತ್ತಾ, ಇನ್ನೊಬ್ಬರು ಸುಮ್ನೆ ತಲೆಯಾಡಿಸಿದರೆ ಅಂಥ ಲೆಕ್ಕ ಹುಟ್ಟುತ್ತದೆ. ಇನ್ನೊಂದು, ರಾತ್ರಿ ಎರಡು ಗಂಟೆಗೆ ಹೊಸ ಹುಡುಗಿಯೊಬ್ಬಳು ಹಿರಿಯ ಸರ್ಜನ್‌ಗೆ “ಸರ್, ಕೌಂಟ್ ಸರಿ ಬರ್ತಿಲ್ಲ” ಅನ್ನಬೇಕು. ಸುಲಭವಲ್ಲ, ಅಲ್ವಾ? ಬೈಗುಳ ಬೀಳುವ ಥಿಯೇಟರಿನಲ್ಲಿ ಬೋರ್ಡ್ ಇದ್ದೂ ಪ್ರಯೋಜನವಿಲ್ಲ.

1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಂಗಸಿನ ಹೊಟ್ಟೆಯಲ್ಲಿ ಮಾಪ್ ಉಳಿದು, ಆಕೆ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಹಾರಾಷ್ಟ್ರ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟಿನಲ್ಲೂ ರೋಗಿ ಥಿಯೇಟರ್ ಬಿಡುವ ಮೊದಲು ಲೆಕ್ಕ ಸರಿಯಿದೆಯೆಂದು ನರ್ಸ್ ಬಾಯಿಬಿಟ್ಟು ಹೇಳಬೇಕು. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಪಾಲಿಸುತ್ತಾರಾ ಅಂತ ಸರ್ಜನ್‌ರನ್ನೇ ಕೇಳಿ, ಸಂಕೋಚ ಬೇಡ. ಅಮ್ಮನದು ಮೊದಲೇ ದಿನ ಗೊತ್ತುಮಾಡಿದ ಆಪರೇಷನ್, ಎಮರ್ಜೆನ್ಸಿಯ ಗಡಿಬಿಡಿ ಇರುವುದಿಲ್ಲ. ಆಮೇಲೆ ಜ್ವರ ಇಳಿಯದಿದ್ದರೆ, ಹೊಟ್ಟೆನೋವು ಹಾಗೇ ಉಳಿದರೆ, ಗಾಯದಿಂದ ಕೀವು ಸೋರುತ್ತಲೇ ಇದ್ದರೆ ಮಾತ್ರೆ ನುಂಗಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ. ವರ್ಷಗಳ ನಂತರ ಬೇರೆ ಡಾಕ್ಟರ್ ಹತ್ತಿರ ಹೋದರೂ ಈ ಆಪರೇಷನ್ ಆಗಿದ್ದನ್ನು ಹೇಳಿ, ಡಿಸ್ಚಾರ್ಜ್ ಕಾಗದ ತೋರಿಸಿ.