ಐರ್ ಸರೋವರಕ್ಕೆ ಕಾರೋ, ವಿಮಾನವೋ?

ಆಸ್ಟ್ರೇಲಿಯಾದ ಐರ್ ಸರೋವರ ಕಾರಲ್ಲೇ ನೋಡಿದರೆ ಸಾಲದಾ, ಸಣ್ಣ ವಿಮಾನ ಬೇಕಾ ಅಂತ ಕೇಳಿದ್ದೀರಿ. ನೀರಿರುವ ವರ್ಷವಾದರೆ ಬೇಕೇ ಬೇಕು. ದಡದಲ್ಲಿ ನಿಂತರೆ ಕಾಣೋದು ಉಪ್ಪಿನ ಬಯಲು, ಅಷ್ಟೇ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ತಗ್ಗಿನ ಜಾಗ ಅದು. ಎಲ್ಲೋ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುರಿದ ಮಳೆ ಡಯಮಂಟಿನಾ ನದಿಯಲ್ಲಿ ವಾರಗಟ್ಟಲೆ ಹರಿದು ಬಂದು, ಉಪ್ಪಿನ ಮೇಲೆ ಕವಲುಕವಲಾಗಿ ಹರಡಿಕೊಳ್ಳೋದನ್ನ ಮೇಲಿಂದಲೇ ನೋಡಬೇಕು. ಪೆಲಿಕನ್ ಹಿಂಡು ಬಂದಿದ್ದರೆ ನಿಮ್ಮ ಅದೃಷ್ಟ.

ವಿಮಾನ ಹತ್ತೋಕೆ ವಿಲಿಯಂ ಕ್ರೀಕ್ ಅನ್ನೋ ಪುಟ್ಟ ಊರು ಸರೋವರಕ್ಕೆ ಹತ್ತಿರ. ಮಾರೀ ಅನ್ನೋ ಇನ್ನೊಂದು ಊರಿನ ಕಡೆಯಿಂದ ಹಾರಿದರೆ 1998ರಲ್ಲಿ ಪತ್ತೆಯಾದ, ನೆಲದ ಮೇಲೆ ಗೀರಿದ ದೈತ್ಯ ಮನುಷ್ಯಾಕೃತಿಯನ್ನೂ ನೋಡಬಹುದು. ಯಾರು ಗೀರಿದರೋ, ಇವತ್ತಿಗೂ ಜಗಳ!

ಹೊಟ್ಟೆ ತೊಳಸುವ ಭಯವಿದ್ದರೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೆದ್ದು ವಿಮಾನ ಕುಲುಕುತ್ತೆ. ಸೀಟು ಮಾತ್ರ ನಿಮ್ಮ ತೂಕ ನೋಡಿ ಪೈಲಟ್ಟೇ ಹೇಳ್ತಾರೆ.