ಟಿಕೆಟ್ ಇಲ್ಲದ ದೋಣಿ ವಿಹಾರ: ಹೊಣೆ ಯಾರದು?

ಪ್ರಶ್ನೆ: ನಮ್ಮ ಸೇವಾ ಸಂಘದಿಂದ ವೃದ್ಧಾಶ್ರಮದ 30 ಹಿರಿಯರನ್ನು ಕಾರವಾರದ ಕಾಳಿ ನದಿಯಲ್ಲಿ ಉಚಿತವಾಗಿ ಸುತ್ತಾಡಿಸಬೇಕೆಂದಿದ್ದೇವೆ. ಪರಿಚಯದವರು ಮೀನುಗಾರಿಕೆ ಬೋಟ್ ಕೊಡುತ್ತಾರೆ, ನಾವು ಡೀಸೆಲ್ ಹಾಕಿಸಿದರೆ ಸಾಕು. ದುಡ್ಡು ತೆಗೆದುಕೊಳ್ಳದಿದ್ದರೂ ಪರವಾನಗಿ ಬೇಕೇ?

ಉತ್ತರ: ಬೇಕು. ‘ಪುಣ್ಯದ ಕೆಲಸಕ್ಕೆ ಕಾನೂನು ಅಡ್ಡ ಬರುವುದಿಲ್ಲ’ ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಯಂತ್ರದ ದೋಣಿಗೆ ಸರ್ವೆ ಪ್ರಮಾಣಪತ್ರ (ದೋಣಿಯನ್ನು ತಪಾಸಣೆ ಮಾಡಿ ಕೊಡುವ ಪತ್ರ), ನೋಂದಣಿ, ವಿಮೆ ಇರಬೇಕು. ನಡೆಸುವವನಿಗೆ ಅರ್ಹತಾ ಪತ್ರ ಇರಬೇಕು. ಟಿಕೆಟ್ ಇಲ್ಲವೆಂದು ಇವು ತಪ್ಪುವುದಿಲ್ಲ.

ಬಾಡಿಗೆಯ ಮಾತು ಬರುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನಲ್ಲಿ. ಅಸುರಕ್ಷಿತ ಅಥವಾ ಅತಿಭಾರದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ಅಲ್ಲಿ ಅಪರಾಧ. ನೀವು ಕೊಟ್ಟ ಡೀಸೆಲ್ ದುಡ್ಡೇ ಬಾಡಿಗೆ ಎಂದು ಪೊಲೀಸರು ವಾದಿಸಬಹುದು. ಆ ವಾದ ಬಿದ್ದರೂ ಅದೇ ಸಂಹಿತೆಯ 106(1)ನೇ ಕಲಮು ಇದೆ: ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಜೈಲು. ಅಲ್ಲಿ ಬಾಡಿಗೆ ಲೆಕ್ಕಕ್ಕೇ ಇಲ್ಲ, ನಿರ್ಲಕ್ಷ್ಯ ಆಯೋಜಕರದಾದರೆ ಅವರೂ ಸಿಕ್ಕಿಬೀಳುತ್ತಾರೆ.

ಮೀನುಗಾರಿಕೆ ಬೋಟ್ ಅಂತೂ ಬೇಡವೇ ಬೇಡ. ಅದರ ಭಾರ ಇರಬೇಕಾದ್ದು ಕೆಳಗೆ, ಮಂಜುಗಡ್ಡೆ, ಮೀನು ತುಂಬುವ ಅಂಕಣದಲ್ಲಿ. ಅದನ್ನು ಖಾಲಿ ಬಿಟ್ಟು ಮೇಲೆ 30 ಜನರನ್ನು ಕೂರಿಸಿದರೆ ದೋಣಿ ತಲೆಭಾರವಾಗುತ್ತದೆ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದರೆ ಮಗುಚುತ್ತದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರನ್ನು ಬಲಿ ಪಡೆದದ್ದು ಮೀನುಗಾರಿಕೆ ದೋಣಿಯನ್ನೇ ಬದಲಾಯಿಸಿ ಮಾಡಿದ ವಿಹಾರದ ಬೋಟ್.

ಪ್ರಯಾಣಿಕರ ಬೋಟನ್ನೇ ಗೊತ್ತುಮಾಡಿ. ಸರ್ವೆ ಪ್ರಮಾಣಪತ್ರದ ಮೂಲ ಪ್ರತಿ ಕೇಳಿ, ಅವಧಿ, ಪ್ರಯಾಣಿಕರ ಸಂಖ್ಯೆ, ಸಂಚಾರ ವಲಯ ಮೂರನ್ನೂ ಓದಿ. ನದಿಗೆ ಕೊಟ್ಟ ಪತ್ರ ಹಿಡಿದು ಅಳಿವೆ (ನದಿ ಸಮುದ್ರ ಸೇರುವ ಜಾಗ) ದಾಟಬೇಡಿ. ತಲೆ ಎಣಿಕೆ ಜೆಟ್ಟಿಯಲ್ಲೇ ಆಗಲಿ, ನಿಮ್ಮ ಸ್ವಯಂಸೇವಕರನ್ನೂ ಸೇರಿಸಿ. 30 ಹಿರಿಯರ ಜೊತೆ 10 ಜನ ಹತ್ತಿದರೆ 40. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯ ದೋಣಿ 2019ರ ಜನವರಿಯಲ್ಲಿ ಮಗುಚಿ 16 ಜನ ಹೋದರು; ಕಾರವಾರದವರೇ ಅದನ್ನು ಮರೆತರೆ ಹೇಗೆ?

ಲೈಫ್ ಜಾಕೆಟನ್ನು ದಡದಲ್ಲೇ ತೊಡಿಸಿ. ಭುಜದ ಬಳಿ ಹಿಡಿದು ಮೇಲೆತ್ತಿ ನೋಡಿ: ಕಿವಿಯವರೆಗೆ ಬಂದರೆ ಅಳತೆ ತಪ್ಪು. ಗಾಲಿಕುರ್ಚಿಯ ಬ್ರೇಕ್ ಹಾಕಿ, ಆದರೆ ಕೂತವರ ಬೆಲ್ಟ್ ಬಿಚ್ಚಿಡಿ; ಬೋಟ್ ಮಗುಚಿದರೆ ಕುರ್ಚಿ ಅವರನ್ನು ಕೆಳಗೆಳೆಯುತ್ತದೆ.

ಪ್ರಶ್ನೆ: ‘ನನ್ನ ಜವಾಬ್ದಾರಿಯ ಮೇಲೆ ಬರುತ್ತೇನೆ’ ಎಂದು ಎಲ್ಲರಿಂದ ಸಹಿ ಹಾಕಿಸಿಕೊಂಡರೆ?

ಉತ್ತರ: ನಿಮ್ಮ ನಿರ್ಲಕ್ಷ್ಯದ ಅಪರಾಧವನ್ನು ಆ ಸಹಿ ಅಳಿಸುವುದಿಲ್ಲ.

ಪ್ರಶ್ನೆ: ತಾಂಡೇಲನಿಗೆ (ದೋಣಿ ನಡೆಸುವವನಿಗೆ) 20 ವರ್ಷದ ಅನುಭವವಿದೆ, ಸಾಲದೇ?

ಉತ್ತರ: ಅರ್ಹತಾ ಪತ್ರ ತೋರಿಸಲಿ.

ಪ್ರಶ್ನೆ: ಗುಂಪು ಅಪಘಾತ ವಿಮೆ ಮಾಡಿಸಿದ್ದೇವೆ.

ಉತ್ತರ: ಅದು ಗಾಯಾಳುವಿಗೆ ಗೊತ್ತುಪಡಿಸಿದ ಮೊತ್ತ ಕೊಡುತ್ತದೆ, ಅಷ್ಟೆ. ಸಂಘದ ಮೇಲೆ ಬರುವ ಪರಿಹಾರದ ದಾವೆಗೆ ಹೊಣೆಗಾರಿಕೆ ವಿಮೆಯೇ ಬೇರೆ. ಬೋಟಿನ ಪಾಲಿಸಿಯಲ್ಲಿ ಪ್ರಯಾಣಿಕರ ಹೊಣೆ ಸೇರಿದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಪಡೆದ ಮೇಲೆಯೇ ದಿನಾಂಕ ಗೊತ್ತುಮಾಡಿ.