ಸಿಪ್ಯಾನೆಲ್ ಅಳವಡಿಸುವ ಮುನ್ನ ಸರ್ವರ್ ಸಿದ್ಧತೆ

ಮಂಡ್ಯದಿಂದ ಬರೆದಿರುವ ಮಿತ್ರರೇ, ಬಾಡಿಗೆಗೆ ಪಡೆದ ಹೊಸ ಲಿನಕ್ಸ್ ವರ್ಚುವಲ್ ಸರ್ವರ್‌ನಲ್ಲಿ ಜಾಲತಾಣಗಳಿಗೆ ಬೇಕಾಗುವ ಅಪಾಚೆ ಮತ್ತು ಪಿಎಚ್‌ಪಿ ತಂತ್ರಾಂಶಗಳನ್ನು ಮೊದಲೇ ಹಾಕಿಕೊಂಡು, ಅನಂತರ ಸರ್ವರ್ ಮತ್ತು ಜಾಲತಾಣಗಳನ್ನು ಬ್ರೌಸರಿನಿಂದಲೇ ನಿರ್ವಹಿಸುವ ಸಿಪ್ಯಾನೆಲ್ ತಂತ್ರಾಂಶವನ್ನು ಅಳವಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಸಿಪ್ಯಾನೆಲ್ ಅವೆಲ್ಲವನ್ನೂ ತಾನೇ ತನ್ನ ರೀತಿಯಲ್ಲಿ ಅಳವಡಿಸಿಕೊಳ್ಳುವುದರಿಂದ ಅದಕ್ಕೆ ಬರಿಯ ಆಪರೇಟಿಂಗ್ ಸಿಸ್ಟಮ್ ಇರುವ ಸರ್ವರ್ ಬೇಕು. ಈಗಾಗಲೇ ಹಾಕಿದ್ದರೆ ಒಂದೊಂದನ್ನೇ ತೆಗೆಯುತ್ತ ಕೂರುವುದಕ್ಕಿಂತ ಸಿಸ್ಟಮ್ಮನ್ನೇ ಮರುಸ್ಥಾಪಿಸುವುದು ಲೇಸು. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿರುವುದರಿಂದ ಅದರ ಬದಲು ಆಲ್ಮಾಲಿನಕ್ಸ್ 9 ಆರಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಹೋಸ್ಟ್‌ನೇಮ್, ಅಂದರೆ ಸರ್ವರ್‌ನ ಹೆಸರಿನ ವಿಷಯದಲ್ಲಿ. ಅದು ಡೊಮೇನ್ ಸಹಿತವಾದ ಪೂರ್ಣ ಹೆಸರಾಗಿರಬೇಕು, ಮುಂದೆ ನೀವು ಅಲ್ಲಿ ನಡೆಸಲಿರುವ ಯಾವ ಜಾಲತಾಣದ ಹೆಸರೂ ಅದಾಗಿರಬಾರದು, ಮತ್ತು ಡಿಎನ್‌ಎಸ್‌ನ ಎ ರೆಕಾರ್ಡ್ (ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ನಮೂದು) ಮೂಲಕ ಅದು ಸರ್ವರ್‌ನ ಸ್ಥಿರ ಐಪಿ ವಿಳಾಸವನ್ನೇ ತೋರಿಸುತ್ತಿರಬೇಕು. ಬಳಿಕ ಎಲ್ಲ ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಿ ಒಮ್ಮೆ ರೀಬೂಟ್ ಮಾಡಿ.

ಅಳವಡಿಕೆಯನ್ನು, ಸಂಪರ್ಕ ಕಡಿದರೂ ಕೆಲಸವನ್ನು ಮುಂದುವರಿಸುವ ಸ್ಕ್ರೀನ್ ಅಥವಾ ಟಿಮಕ್ಸ್ ಒಳಗೇ ಆರಂಭಿಸಿ. ಮೈಸೂರಿನ ನಮ್ಮ ಮನೆಯಲ್ಲಿ ಅರ್ಧ ದಾರಿಯಲ್ಲಿ ಕರೆಂಟು ಹೋಗಿ, ದೂರದ ಸರ್ವರ್‌ಗೆ ಆದೇಶ ಕೊಡುವ ಎಸ್‌ಎಸ್‌ಎಚ್ ಸಂಪರ್ಕದೊಂದಿಗೆ ಅಳವಡಿಕೆಯೂ ನಿಂತುಹೋದ ಮೇಲೆಯೇ ನಾನು ಇದನ್ನು ಕಲಿತದ್ದು. ಕೆಲಸ ಮುಗಿದ ನಂತರ ಫೈರ್‌ವಾಲ್‌ನಲ್ಲಿ 2083 ಮತ್ತು 2087ನೆಯ ಪೋರ್ಟುಗಳು ತೆರೆದಿವೆಯೇ ಎಂದು ನೋಡಿ. ಆಡಳಿತದ ಪುಟವಾದ ಡಬ್ಲ್ಯುಎಚ್‌ಎಂ ತೆರೆಯುವುದು ಎರಡನೆಯದರಲ್ಲಿ.